ಕರುನಾಡು, ಕರ್ಣಾಟಕ

ಹೆಸರಿಗೆ ಹುಟ್ಟು ಒಂದು, ಹೇಳುವ ಅರ್ಥ ಹಲವು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರವು ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವಾಗಿತ್ತೆಂದೂ, ಮುಂದೆ ಹೈದರನೋ ಟಿಪ್ಪುವೋ ಅಲ್ಲಿಯ ಮೃಗಸಮೃದ್ಧಿಗೆ ಮೆಚ್ಚಿ ಈಗಿನ ಹೆಸರನ್ನಿಟ್ಟನೆಂದೂ ರೈಸ್ ಮಹಾಶಯರು ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ನೆರೆಯ ಸೊರಬಕ್ಕೆ ಸುರಭಿಯೇ ಮೂಲವೆಂಬುದು ಸ್ಥಳಪುರಾಣ. ಕಾಮಧೇನು ಅಲ್ಲಿಯ ರಂಗನಾಥನ ಮೂರ್ತಿಯ ಮೇಲೆ ನಿತ್ಯವೂ ಹಾಲು ಕರೆಯುತ್ತಿತ್ತಂತೆ. ಹೆಸರು ಹಳತಾಗಿ ಅರ್ಥ ಮಸುಕಾದಾಗ ಜನ ಕಥೆಯ ದೀಪ ಹಚ್ಚಿ ಅದನ್ನು ನೋಡುತ್ತಾರೆ.

ನಾಡಿನ ಹೆಸರಿಗೂ ಇದೇ ಗತಿ. ಕರ್ಣಗಳಲ್ಲಿ ಸಂಚರಿಸುವುದೇ ಕರ್ಣಾಟ, ಎಂದರೆ ಎಲ್ಲರ ಕಿವಿಗೂ ಬಿದ್ದ ಕೀರ್ತಿಯ ನಾಡು ಎಂದು ಸಂಸ್ಕೃತ ಪಂಡಿತರು ವಿವರಿಸಿದರು. ಕಿವಿಗೆ ಇಂಪಾದರೂ ಇದು ಹೆಸರು ಹುಟ್ಟಿದ ಮೇಲೆ ಹೊಸೆದ ಅರ್ಥ. ‘ಕರು’ ಎಂದರೆ ಎತ್ತರ. ಎತ್ತರದ ನಾಡೇ ಕರುನಾಡು ಎಂಬುದು ಭಾಷಾವಿದರಲ್ಲಿ ಹೆಚ್ಚು ಮಾನ್ಯವಾದ ಪಕ್ಷ. ಕಪ್ಪು ಮಣ್ಣಿನ ನಾಡೆನ್ನುವವರೂ ಉಂಟು. ತಮಿಳಿನ ಶಿಲಪ್ಪದಿಕಾರವು ಕರುನಾಡರನ್ನು ಹೆಸರಿಸುವುದರಿಂದ ಮೂಲರೂಪ ದೇಶ್ಯವೆಂಬ ಮಾತಿಗೆ ಬಲ ಬರುತ್ತದೆ.

ಆದರೆ ಹೆಸರಿನ ಪ್ರಶ್ನೆ ನಿಘಂಟಿನಲ್ಲೇ ಮುಗಿಯಲಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಕದಂಬ ವಂಶದ ಉದಯವನ್ನು ಹೇಳುತ್ತದೆ. ಆ ಕದಂಬರ ರಾಜಧಾನಿ ಬನವಾಸಿ ಸೊರಬದಿಂದ ಕೆಲವೇ ಹರದಾರಿ. ವರದೆ ಸೊರಬದ ಸೀಮೆಯನ್ನು ಹಾದು ಬನವಾಸಿಗೆ ಹರಿಯುತ್ತಾಳೆ. ಹೀಗಿದ್ದೂ 1956ರ ವರೆಗೆ ತಾಳಗುಂದ ಮೈಸೂರಿನದು, ಬನವಾಸಿ ಮುಂಬಯಿಯದು! ಅದೇ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ರಾಜ್ಯದ ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ಹಳೆಯ ಮೈಸೂರಿನ ಹಲವರಿಗೆ ಆ ಹೆಸರು ಅಭಿಮಾನದ ಆಸ್ತಿ. ಬನವಾಸಿಯವರಿಗಾದರೋ ಅದು ದೂರದ ಇನ್ನೊಂದು ಊರಿನ ಹೆಸರು. ಮನೆಗೆ ಬಂದ ಅಣ್ಣತಮ್ಮಂದಿರನ್ನು ಅತಿಥಿಗಳೆಂದು ಕರೆದಂತಾಯಿತು.

ಇದೇ ಜಿಲ್ಲೆಯ ಆರಗದ ಶಾಂತವೇರಿ ಗೋಪಾಲಗೌಡರು ಕರ್ಣಾಟಕವೆಂಬ ಹೆಸರಿಗಾಗಿ ಶಾಸನಸಭೆಯಲ್ಲಿ ವಾದಿಸಿದರು. 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಆ ನಾಮಕರಣ ನೆರವೇರಿತು. ಗೋಪಾಲಗೌಡರು ಅದನ್ನು ಕಾಣಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಶಿಕಾರಿಪುರದ ಹೆಸರು ದೊರೆಯೊಬ್ಬನ ಬೇಟೆಯಿಂದ ಬಂದಿತೆನ್ನುತ್ತಾರೆ. ನಾಡಿನ ಹೆಸರು ಹಾಗೆ ಬಂದುದಲ್ಲ; ಶತಮಾನಗಳಿಂದ ಇದ್ದುದನ್ನೇ ಜನ ಕೇಳಿ ಪಡೆದರು. ‘ಕರು’ವಿನ ಅರ್ಥ ಎತ್ತರವೋ ಕಪ್ಪೋ ಎಂದು ಪಂಡಿತರು ಚರ್ಚಿಸಲಿ, ತಾಳಗುಂದ ಬನವಾಸಿಗಳೆರಡಕ್ಕೂ ಒಪ್ಪುವ ಹೆಸರು ಅದು ಎಂಬುದರಲ್ಲಿ ಮಾತ್ರ ವಿವಾದವಿಲ್ಲ.