ಬೈಟು ಕಾಫಿಯ ಲೆಕ್ಕ

ಮಕ್ಕಳೇ, ಈ ವಾರ ಪಕ್ಕದಲ್ಲಿ ಒಂದು ಪೆನ್ಸಿಲು, ಒಂದು ಚೂರು ಕಾಗದ ಇಟ್ಟುಕೊಳ್ಳಿ. ಸಣ್ಣ ಲೆಕ್ಕವೊಂದಿದೆ. ಅಜ್ಜ ಅಜ್ಜಿಯರೇ, ನೀವು ಕನ್ನಡಕ ಹುಡುಕಿಕೊಳ್ಳಿ. ಇದು ನಿಮಗೂ ಬೇಕಾದ ಲೆಕ್ಕವೇ.

ನನ್ನ ಮೊಮ್ಮಗನಿಗೆ ಇಪ್ಪತ್ಮೂರು ವರ್ಷ. ಬೆಂಗಳೂರಿನಲ್ಲಿ ಮೊದಲ ಕೆಲಸ, ವಿಜಯನಗರದ ಪಿ.ಜಿ.ಯೊಂದರಲ್ಲಿ ವಾಸ. ಕಳೆದ ವರ್ಷ ಗೌರಿ ಗಣೇಶ ಹಬ್ಬಕ್ಕೆ ಹಾಸನಕ್ಕೆ ಬರಲಿಲ್ಲ. ‘ರಜೆ ಸಿಗಲಿಲ್ಲ ತಾತ’ ಅಂದ. ಅವನ ಪಾಲಿನ ಕಡುಬನ್ನು ಅವನ ಅಜ್ಜಿ ಮಾರನೆಯ ದಿನದವರೆಗೂ ಇಟ್ಟುಕೊಂಡಿದ್ದಳು. ಕೊನೆಗೆ ಪಕ್ಕದ ಮನೆಯ ಹುಡುಗರಿಗೆ ಕೊಟ್ಟಳು.

ಸಂಬಳ ಬಂದ ಮೊದಲ ಶನಿವಾರ ಅವನೇ ಬಂದ. ಊಟವಾದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ತಮಾಷೆಗೆ, ‘ಏನಪ್ಪಾ, ನಿಮ್ಮ ಆಫೀಸಿನವರು ಗಣಪತಿಗೂ ಹೆದರೋದಿಲ್ಲವೇ?’ ಎಂದೆ. ಹುಡುಗ ನಗಲಿಲ್ಲ.

‘ರಜೆ ಇತ್ತು ತಾತ. ದುಡ್ಡಿರಲಿಲ್ಲ. ಅಕೌಂಟಿನಲ್ಲಿ ನೂರ ನಲವತ್ತು ರೂಪಾಯಿ ಇತ್ತು.’

‘ಒಂದು ಫೋನು ಮಾಡಬಾರದಿತ್ತೇನೋ?’

‘ಸಂಬಳ ತಗೊಳ್ಳೋನು ಬಸ್ಸಿಗೆ ದುಡ್ಡು ಕಳಿಸಿ ಅಂತ ಹೇಗೆ ಕೇಳಲಿ?’

ಇಬ್ಬರೂ ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದೆವು. ನೀವೂ ಬರೆದುಕೊಳ್ಳಿ. ಕೈಗೆ ಬರುವ ಸಂಬಳ 28,000. ಪಿ.ಜಿ.ಗೆ 10,000, ಮನೆಗೆ ಕಳಿಸುವುದು 5,000, ಮಧ್ಯಾಹ್ನದ ಊಟ, ಓಡಾಟ, ಫೋನಿಗೆ 5,000. ಬ್ಯಾಂಕಿನ ಆರ್‌ಡಿಗೆ 3,000. ಎಷ್ಟು ಉಳಿಯಿತು? 5,000. ಸೋಪು, ಕ್ಷೌರ, ಬಟ್ಟೆ, ಗೆಳೆಯರು ಎಲ್ಲವೂ ಅದರಲ್ಲೇ ಆಗಬೇಕು.

ಈಗ ಒಂದು ಶನಿವಾರ ರಾತ್ರಿಯ ಲೆಕ್ಕ. ಇಂದಿರಾನಗರದಲ್ಲಿ ಐದು ಜನರ ಊಟ. ಬಿಲ್ಲು 6,000. ಸಮನಾಗಿ ಹಂಚಿದರೆ ತಲೆಗೆ 1,200. ಆದರೆ ನಮ್ಮ ಹುಡುಗ ತಿಂದದ್ದು ರೊಟ್ಟಿ, ಪನೀರು. ಕುಡಿದದ್ದು ನಿಂಬೆ ಸೋಡಾ. ತೆರಿಗೆಯೂ ಸೇರಿ 580 ರೂಪಾಯಿಯದ್ದು! ಉಳಿದ 620 ಬೇರೆಯವರ ತಟ್ಟೆಗೆ, ಲೋಟಕ್ಕೆ ಹೋಯಿತು. ಆಮೇಲೆ ಸಿನಿಮಾ, 350. ಅದು ಮುಗಿಯುವ ಹೊತ್ತಿಗೆ ಮೆಟ್ರೊ ಇಲ್ಲ. ಕ್ಯಾಬಿನಲ್ಲಿ ಅವನ ಪಾಲು ಇನ್ನೊಂದು 350. ಒಟ್ಟು 1,900. ತಿಂಗಳಿಗೆ ನಾಲ್ಕು ಶನಿವಾರ. ಗುಣಿಸಿ: 7,600.

ಇದ್ದದ್ದು 5,000. ಮಿಕ್ಕ 2,600ಕ್ಕೆ ಫೋನಿನಲ್ಲೇ ಸಿಗುವ ‘ಪೇ ಲೇಟರ್’ ಸಾಲ. ಮೂರು ತಿಂಗಳಿಗೆ 7,800 ಆಗಿತ್ತು. ತಡವಾಗಿ ಕಟ್ಟಿದ್ದಕ್ಕೆ ದಂಡ ಬೇರೆ.

‘ನಮ್ಮ ಕಾಲದಲ್ಲಿ...’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಪ್ರತಿ ವಾರ ಹೋಗಲೇಬೇಕೇನೋ?’ ಎಂದಷ್ಟೇ ಕೇಳಿದೆ.

‘ಎರಡು ಸಲ ಹೋಗದಿದ್ದರೆ ಮೂರನೇ ಸಲ ಕರೆಯೋದೇ ಇಲ್ಲ ತಾತ. ಅಷ್ಟು ದೊಡ್ಡ ಊರಲ್ಲಿ ನನಗಿರೋದು ಆ ನಾಲ್ಕೇ ಜನ.’

ಆಗ ನನಗೆ ನನ್ನ ಚಾಮರಾಜಪೇಟೆಯ ರೂಮು ನೆನಪಾಯಿತು. 1975. ನಾವು ನಾಲ್ವರು ಹುಡುಗರು, ಎಲ್ಲರೂ ಹೊಸದಾಗಿ ಕೆಲಸಕ್ಕೆ ಸೇರಿದವರು. ಭಾನುವಾರ ಸಂಜೆ ಗಾಂಧಿ ಬಜಾರಿಗೆ ನಡೆದು ಹೋಗಿ ಮಸಾಲೆ ದೋಸೆ, ಬೈಟು ಕಾಫಿ. ಬೈಟು ಎಂದರೆ ಗೊತ್ತಲ್ಲ ಮಕ್ಕಳೇ, ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಇಬ್ಬರು ಕುಡಿಯುವುದು. ಅದನ್ನು ಕೇಳಲು ಬೆಂಗಳೂರಿನಲ್ಲಿ ಯಾರೂ ನಾಚುತ್ತಿರಲಿಲ್ಲ. ಈಗಲೂ ನಾಚುವುದಿಲ್ಲ.

ಆದರೆ ನಮ್ಮಲ್ಲೊಬ್ಬನಿಗೆ ತಿಂಗಳ ಇಪ್ಪತ್ತನೇ ತಾರೀಖು ಕಳೆದರೆ ತಲೆನೋವು ಬರುತ್ತಿತ್ತು. ‘ನೀವು ಹೋಗಿ ಬನ್ನಿ’ ಎಂದು ಚಾಪೆ ಹಾಸಿಕೊಳ್ಳುತ್ತಿದ್ದ. ಒಂದು ಭಾನುವಾರ ನಾನು ಮರೆತಿದ್ದ ಛತ್ರಿಗಾಗಿ ಹಿಂದಿರುಗಿದರೆ, ಅವನು ನೀರಿಗೆ ಬೆಲ್ಲ ಕರಡಿಕೊಂಡು ಕುಡಿಯುತ್ತಿದ್ದ. ಸಂಬಳದ ಮುಕ್ಕಾಲು ಪಾಲು ಊರಿಗೆ, ತಂಗಿಯ ಮದುವೆಯ ಸಾಲಕ್ಕೆ ಹೋಗುತ್ತಿತ್ತು. ನಾವು ಒಂದೇ ರೂಮಿನಲ್ಲಿದ್ದೆವು, ಆದರೂ ಒಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಹಾರ್ಲಿಕ್ಸ್ ಸೀಸೆಯೊಂದನ್ನು ತೊಳೆದು ಗೂಡಿನಲ್ಲಿಟ್ಟೆವು. ಒಂದನೇ ತಾರೀಖು ತಲೆಗೆ ಹತ್ತು ರೂಪಾಯಿ. ಹತ್ತೇ ಏಕೆ? ಅವನಿಂದ ಆಗುತ್ತಿದ್ದದ್ದು ಅಷ್ಟೇ. ದೋಸೆ, ಸಿನಿಮಾ ಎಲ್ಲ ಅದರಿಂದ. ಸೀಸೆ ಬರಿದಾದರೆ ಒಂದು ಪೊಟ್ಟಣ ಕಡಲೆಕಾಯಿ ಹಿಡಿದು ಲಾಲ್‌ಬಾಗಿನ ಬಂಡೆಯ ಮೇಲೆ ಕೂರುತ್ತಿದ್ದೆವು. ಅಲ್ಲಿಂದಾಚೆ ಅವನಿಗೆ ತಲೆನೋವು ಬರಲಿಲ್ಲ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಈಗ ಸೀಸೆ ಎಲ್ಲಿಡಲಿ ತಾತ? ಎಲ್ಲಾ ಫೋನಿನಲ್ಲೇ’ ಎಂದ. ನಿಜವೇ. 2016ರಲ್ಲಿ ಯುಪಿಐ ಬಂದ ಮೇಲೆ ಜೇಬು ತೆಳ್ಳಗಾಗುವುದು ಕೈಗೆ ತಿಳಿಯುವುದಿಲ್ಲ. ಆದರೆ ಉಪಾಯವೂ ಫೋನಿನಲ್ಲೇ ಇತ್ತು. ಕನಿಷ್ಠ ಮೊತ್ತ ಇಡಬೇಕಿಲ್ಲದ ಇನ್ನೊಂದು ಖಾತೆ ತೆರೆದ. ಒಂದನೇ ತಾರೀಖು ಅದಕ್ಕೆ 3,000 ಹಾಕುತ್ತಾನೆ. ಗೆಳೆಯರ ಜೊತೆ ಹೋದಾಗ ಆ ಖಾತೆಯಿಂದಲೇ ಕೊಡಬೇಕು. ಅದೇ ಅವನ ಹಾರ್ಲಿಕ್ಸ್ ಸೀಸೆ.

ಖಾತೆ ತೆರೆಯುವುದು ಸುಲಭ. ಗೆಳೆಯರಿಗೆ ಹೇಳುವುದು ಕಷ್ಟ. ಎರಡು ದಿನ ಬರೆದು ಅಳಿಸಿ, ಕೊನೆಗೆ ಗುಂಪಿಗೆ ಒಂದು ಸಾಲು ಕಳಿಸಿದನಂತೆ: ‘ತಿಂಗಳಿಗೆ ನನ್ನದು ಮೂರು ಸಾವಿರ ಅಷ್ಟೇ ಕಣ್ರೋ. ಅದರಲ್ಲಿ ಆಗೋದಾದರೆ ಎಲ್ಲದಕ್ಕೂ ಬರ್ತೀನಿ.’ ಹತ್ತು ನಿಮಿಷ ಯಾರೂ ಉತ್ತರಿಸಲಿಲ್ಲ. ಆಮೇಲೆ ಒಬ್ಬ, ‘ಸದ್ಯ, ನೀನಾದರೂ ಹೇಳಿದೆ’ ಎಂದು ಬರೆದ. ಇನ್ನೊಬ್ಬನದು, ‘ನನ್ನದು ಎರಡೂವರೆ.’ ಒಬ್ಬನಿಗೆ ಮಾತ್ರ ಇದು ಹಿಡಿಸಲಿಲ್ಲ, ಈಚೆಗೆ ಅವನು ಬರುವುದು ಕಡಿಮೆಯಂತೆ. ಅದೂ ಆಗುತ್ತದೆ. ಮೊಮ್ಮಗನಿಗೆ ಅದು ಇನ್ನೂ ಬೇಸರವೇ.

ಈಗ ತಿಂಗಳಿಗೆ ಒಂದೇ ದೊಡ್ಡ ಶನಿವಾರ. ಸಿನಿಮಾ ಮಧ್ಯಾಹ್ನವೇ ಮುಗಿಯುತ್ತದೆ, ಊಟ ಬೇಗ, ಕೊನೆಯ ಮೆಟ್ರೊಗೆ ಮೊದಲೇ ನಿಲ್ದಾಣದಲ್ಲಿರಬೇಕು. ಇಂದಿರಾನಗರ, ವಿಜಯನಗರ ಎರಡೂ ನೇರಳೆ ಮಾರ್ಗದಲ್ಲೇ ಇವೆ. ನೂರು ರೂಪಾಯಿಯೊಳಗೆ ಮನೆ ಸೇರುತ್ತಾನೆ. ಬಿಲ್ಲನ್ನು ತಿಂದಷ್ಟಕ್ಕೆ ಹಂಚುತ್ತಾರೆ. ಎಲ್ಲ ಸೇರಿ 1,100 ದಾಟುವುದಿಲ್ಲ. ಉಳಿದ ಮೂರು ವಾರ ವಿ.ವಿ. ಪುರದ ತಿಂಡಿ ಬೀದಿ, ರಂಗಶಂಕರದಲ್ಲೊಂದು ನಾಟಕ, ಕಬ್ಬನ್ ಪಾರ್ಕು. ಸಲಕ್ಕೆ 500 ಎಂದುಕೊಂಡರೂ 1,500. ಕೂಡಿಸಿ ನೋಡಿ, ಇನ್ನೂ 400 ಉಳಿಯುತ್ತದೆ. ಅದು ಯಾರದ್ದಾದರೂ ಹುಟ್ಟುಹಬ್ಬಕ್ಕೆ.

ಬಿಲ್ಲಿನ ಬಗ್ಗೆ ದೊಡ್ಡ ಮಕ್ಕಳಿಗೆ ಒಂದು ಮಾತು. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ 5. ಅದನ್ನು ಕೊಡಲೇಬೇಕು. ಆದರೆ ‘ಸರ್ವಿಸ್ ಚಾರ್ಜ್’ ಎಂದು ಬರೆದಿದ್ದರೆ ಅದು ಸರ್ಕಾರದ ತೆರಿಗೆಯಲ್ಲ. ಅದನ್ನು ಬಲವಂತವಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ‘ಅದನ್ನು ತೆಗೆಯಿರಿ’ ಎಂದು ವಿನಯವಾಗಿ ಕೇಳಬಹುದು. ಬಡಿಸಿದವರಿಗೆ ಕೊಡಬೇಕೆನಿಸಿದರೆ ಅವರ ಕೈಗೇ ಕೊಡಿ.

ಸಾಲದ ವಿಷಯ ಕೇಳಿದ ದಿನವೇ ಅಜ್ಜಿ ಸಾಸಿವೆ ಡಬ್ಬಿಗೆ ಕೈ ಹಾಕಲು ಹೊರಟಿದ್ದಳು. ನಾನು ತಡೆದೆ. ಸಾಲ ಅವನದು, ಅವನೇ ತೀರಿಸಲಿ. ಆರ್‌ಡಿ ನಿಲ್ಲಿಸಿ ಆ 3,000ವನ್ನು ಮೂರು ತಿಂಗಳು ಸಾಲಕ್ಕೆ ಹಾಕಿದ, ದಂಡವೂ ಸೇರಿ ತೀರಿತು. ಆದರೆ ಅಂದೇ ಅವನಿಗೆ ಇನ್ನೊಂದು ಮಾತನ್ನೂ ಹೇಳಿದ್ದೆ: ‘ಊಟಕ್ಕೆ, ಔಷಧಿಗೆ, ಹಬ್ಬಕ್ಕೆ ಬರುವ ಬಸ್ಸಿಗೆ ದುಡ್ಡಿಲ್ಲದಿದ್ದರೆ ಅರ್ಧರಾತ್ರಿಯಾದರೂ ಫೋನು ಮಾಡು. ಅದಕ್ಕೆ ನಾಚಿಕೆ ಬೇಡ.’ ಅಜ್ಜ ಅಜ್ಜಿಯರೇ, ಈ ಮಾತನ್ನು ನಿಮ್ಮ ಮನೆಯಲ್ಲಿ ಹೇಳಿದ್ದೀರಾ? ಹೇಳದೆಯೇ ಅವರಿಗೆ ಗೊತ್ತಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಮಕ್ಕಳೇ, ಶಾಲೆಯ ಬಳಿ ಐಸ್‌ಕ್ಯಾಂಡಿ ಕೊಳ್ಳುವಾಗ ನಿಮ್ಮ ಗುಂಪಿನಲ್ಲೂ ಯಾರಾದರೂ ದಿನಾ ‘ನನಗೆ ಬೇಡ, ಹಲ್ಲು ನೋವು’ ಅನ್ನುತ್ತಾರೆಯೇ? ಎಲ್ಲರ ಮುಂದೆ ಏನೂ ಕೇಳಬೇಡಿ. ನಾಳೆ ಒಂದನ್ನು ಬೈಟು ಮಾಡಿ ನೋಡಿ.

ದೀಪಾವಳಿಗೆ ಮೊಮ್ಮಗ ಬಂದ. ಬಸ್ಸಿನ ಟಿಕೀಟನ್ನು ಹದಿನೈದು ದಿನ ಮೊದಲೇ ತೆಗೆಸಿದ್ದ.