ಶೇರಿನ ರೇಟು, ಮತದ ಬೆಲೆ
ಈ ವಾರ ಬೈಲಹೊಂಗಲ, ರಾಮದುರ್ಗದ ಕಡೆ ಕಬ್ಬಿನ ಮಾತೆದ್ದಲ್ಲೆಲ್ಲ ಸಹಕಾರಿ ಸಕ್ಕರೆ ಕಾರ್ಖಾನೆ ಸದಸ್ಯರದು ಒಂದೇ ಪ್ರಶ್ನೆ: ‘ಫ್ಯಾಕ್ಟರಿ ಕಂಪನಿಯವ್ರು ತಗೊಂಡ್ರ ನಮ್ಮ ಶೇರಿಗೆ ರೇಟ್ ಬರತೈತೇನ್ರಿ?’ ಬರುವುದಿಲ್ಲ. ಕಾರಣ ಕಾರ್ಖಾನೆಯ ಸಾಲದಲ್ಲಲ್ಲ, ಶೇರಿನ ಗುಣದಲ್ಲೇ ಇದೆ. ಕಂಪನಿ ಶೇರಿನ ಕಥೆ ಬೇರೆ: 2010ರಲ್ಲಿ ಅಮೆರಿಕದ ತ್ರೀಪಾರ್ ಎಂಬ ಕಂಪ್ಯೂಟರ್ ಸ್ಟೋರೇಜ್ ಕಂಪನಿಗೆ ಡೆಲ್, ಎಚ್‌ಪಿ ಪೈಪೋಟಿಗೆ ಬಿದ್ದವು; ಶೇರಿಗೆ 18 ಡಾಲರ್‌ನಿಂದ ಶುರುವಾದ ಸವಾಲು 33ಕ್ಕೆ ಮುಗಿದು, ಲಾಭ ಶೇರುದಾರರ ಕೈ ಸೇರಿತು. ಅದೇ ವರ್ಷ ಇ.ಐ.ಡಿ. ಪ್ಯಾರಿ ಕಂಪನಿ ಜಿಎಂಆರ್ ಇಂಡಸ್ಟ್ರೀಸ್ ಅನ್ನು ವಶಕ್ಕೆ ತೆಗೆದುಕೊಂಡಾಗ, ಜಿಎಂಆರ್ ಲೀಸಿಗೆ ಹಿಡಿದಿದ್ದ ರಾಮದುರ್ಗ ತಾಲ್ಲೂಕು ಖಾನಪೇಟದ ಧನಲಕ್ಷ್ಮಿ ಸಹಕಾರಿ ಸಕ್ಕರೆ ಕಾರ್ಖಾನೆಯ ನಡೆಸುವಿಕೆಯೂ ಜೊತೆಗೇ ಹೋಯಿತು. ಸದಸ್ಯ ರೈತನ ಶೇರಿಗೆ ಯಾರೂ ಸವಾಲು ಕೂಗಲಿಲ್ಲ. ಸಹಕಾರಿ ಶೇರು ಪೇಟೆಯಲ್ಲಿ ಬಿಕರಿಯಾಗುವ ಸರಕಲ್ಲ. ಹಾಗಾದರೆ ಅದು ಬರೀ ಕಾಗದವೇ ಎನ್ನಬಹುದು. ಅಲ್ಲ. ನೂರು ಶೇರಿದ್ದವನಿಗೂ ಒಂದು ಶೇರಿದ್ದವನಿಗೂ ಅಲ್ಲಿ ಒಂದೊಂದೇ ಮತ. ಆ ಮತವೇ ಅದರ ಬೆಲೆ. ಲೀಸಿಗೆ ಕೊಡುವುದೇ ತಪ್ಪೆಂದಲ್ಲ, ನಿಂತ ಕಾರ್ಖಾನೆಯಿಂದ ಯಾರಿಗೂ ಬಿಲ್ಲು ಬರುವುದಿಲ್ಲ. ಆದರೆ ಬಾಡಿಗೆ ಎಷ್ಟು, ಅವಧಿ ಎಷ್ಟು, ಹಳೇ ಸಾಲ ಯಾರ ಹೆಗಲಿಗೆ, ಕಾನೂನು ಹೇಳುವ 14 ದಿನದೊಳಗೆ ಕಬ್ಬಿನ ಬಿಲ್ಲು ಸಿಗುತ್ತದೆಯೇ? ಶೇರಿನ ರೇಟು ಬಿಡಿ, ಸರ್ವಸಾಧಾರಣ ಸಭೆಗೆ ಹೋಗಿ ಇಷ್ಟನ್ನು ಕೇಳಿ.