ಹಿಟ್ಟಿನ ಕೋಳಿ ಮತ್ತು ತೆರೆಯ ಕತ್ತಿ

‘ಅದು ಬರಿಯ ಆಟ, ಸಾಯುವುದು ಚಿತ್ರ ಮಾತ್ರ’ ಎಂಬ ಸಮಾಧಾನ ಚಳ್ಳಕೆರೆ, ಮೊಳಕಾಲ್ಮೂರುಗಳ ಶ್ರಾವಕರ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಜನ್ನನ ‘ಯಶೋಧರ ಚರಿತೆ’ (1209) ಇದನ್ನು ಒಪ್ಪದು. ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಬಲಿಯಿತ್ತದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಿದರು.

‘ಸ್ಕೈರಿಮ್’ (2011) ಎಂಬ ಗಣಕದ ಆಟದಲ್ಲಿ ನಾಯಕನ ಹೆಸರು, ಕುಲ, ಮುಖಗಳನ್ನು ಆಡುವವನೇ ಆರಿಸುತ್ತಾನೆ. ಅಲ್ಲಿ ಕತ್ತಿಯೆತ್ತುವ ಸಂಕಲ್ಪ ಬೇರೆ ಯಾರದು? ಕೃತ, ಕಾರಿತ, ಅನುಮೋದನೆಗಳನ್ನು ಬಲ್ಲ ನಾವು, ಆಟವನ್ನು ಕೊಂಡುಕೊಟ್ಟ ತಂದೆಯನ್ನು ನಿರ್ದೋಷಿಯೆನ್ನಬಹುದೇ?

ಗಣಕವನ್ನೇ ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ‘ಅಂಡರ್‌ಟೇಲ್’ (2015) ಆಟವನ್ನು ಒಂದು ಜೀವವನ್ನೂ ಕೊಲ್ಲದೆ ಮುಗಿಸಬಹುದು. ಆಯ್ಕೆ ಇರುವೆಡೆಯಲ್ಲೇ ವ್ರತಕ್ಕೆ ಬೆಲೆ. ಬಸದಿಯ ಪಾಠಶಾಲೆಗಳು ಮಕ್ಕಳಿಗೆ ಈ ವಿವೇಕವನ್ನು ಕಲಿಸಲಿ.